ಕಮ್ಯೂನಿಟಿ ಕಾಲೇಜಿನ ಪದಗಳು: ಕ್ಯಾಲಿಫೋರ್ನಿಯಾದಲ್ಲಿ ಓದಲು ಹೊರಟ ಕನ್ನಡಿಗರಿಗೆ ಹಂತ ಹಂತದ ಮಾರ್ಗದರ್ಶಿ

ಕ್ಯುಪರ್ಟಿನೋ, ಸನ್ನಿವೇಲ್, ಫ್ರೀಮಾಂಟ್ ಕಡೆಯ ಕನ್ನಡ ಕುಟುಂಬಗಳಿಂದ ನನಗೆ ಬರುವ ಪ್ರಶ್ನೆಗಳಲ್ಲಿ ಪಾಠಕ್ಕೆ ಸಂಬಂಧಿಸಿದವು ಬಹಳ ಕಡಿಮೆ. “ಅಡ್ಮಿಷನ್ ಆಗಿದೆ, ಆದರೆ ತರಗತಿಯಲ್ಲಿ ಹೆಸರೇ ಇಲ್ಲ”, “ಕ್ಲಾಸಿಗೆ ಹೋಗುವುದನ್ನು ಬಿಟ್ಟಿದ್ದೆ, ಆದರೂ ಎಫ್ ಬಂದಿದೆ”, “ಎರಡು ವರ್ಷ ಓದಿದ ಮೇಲೆ ಅರ್ಧ ಯೂನಿಟ್‌ಗಳು ವಿಶ್ವವಿದ್ಯಾಲಯದಲ್ಲಿ ಲೆಕ್ಕಕ್ಕೇ ಬರುವುದಿಲ್ಲ ಎನ್ನುತ್ತಿದ್ದಾರೆ” ಎಂಬ ಮೂರು ದೂರುಗಳು ಪ್ರತಿ ಟರ್ಮ್‌ನಲ್ಲೂ ಮರುಕಳಿಸುತ್ತವೆ. ಇಂಗ್ಲಿಷ್ ಚೆನ್ನಾಗಿ ಬಲ್ಲವರೇ ಇಲ್ಲಿ ಎಡವುತ್ತಾರೆ. ಅಡ್ಮಿಷನ್, ಕೋರ್ಸ್, ಸಿಲಬಸ್, ಟ್ರಾನ್ಸ್‌ಫರ್ ಎಂಬ ಪದಗಳನ್ನು ಕರ್ನಾಟಕದಲ್ಲಿ ನಾವು ದಿನವೂ ಬಳಸಿದ್ದೇವೆ. ಇಲ್ಲಿ ಅವೇ ಪದಗಳಿಗೆ ಬೇರೆ ಅರ್ಥವಿದೆ. ಗೊತ್ತಿಲ್ಲದ ಪದವನ್ನಾದರೆ ಯಾರನ್ನಾದರೂ ಕೇಳುತ್ತೇವೆ, ಗೊತ್ತಿದೆ ಎಂದುಕೊಂಡ ಪದವನ್ನು ಕೇಳುವುದಿಲ್ಲ.

ಈ ಬರಹ ಕ್ಯಾಲಿಫೋರ್ನಿಯಾದ 116 ಸಾರ್ವಜನಿಕ ಕಮ್ಯೂನಿಟಿ ಕಾಲೇಜುಗಳಿಗೆ, ಅಂದರೆ ಹೆಚ್ಚಾಗಿ ಎರಡು ವರ್ಷದ ವ್ಯಾಸಂಗ ಕೊಡುವ ಕಾಲೇಜುಗಳಿಗೆ ಮಾತ್ರ ಅನ್ವಯಿಸುತ್ತದೆ. ಟೆಕ್ಸಸ್‌ನಲ್ಲೋ ನ್ಯೂಜೆರ್ಸಿಯಲ್ಲೋ ಇರುವವರು ಪದಗಳ ಅರ್ಥವನ್ನು ಬಳಸಿಕೊಳ್ಳಬಹುದು, ಆದರೆ ಶುಲ್ಕ ಮತ್ತು ನಿಯಮಗಳನ್ನು ತಮ್ಮ ರಾಜ್ಯದ ಕಾಲೇಜಿನಲ್ಲೇ ನೋಡಬೇಕು.

ಮೊದಲು ಬೇಕಾದ ಸಾಮಗ್ರಿ

ಒಂದು ನೋಟ್‌ಬುಕ್ಕಿನಲ್ಲಿ ಮೂರು ಕಲಂ ಎಳೆಯಿರಿ: ಪದ, ಅದನ್ನು ನಿರ್ವಹಿಸುವ ಕಚೇರಿ, ಅದಕ್ಕೆ ಸಂಬಂಧಿಸಿದ ಕೊನೆಯ ದಿನಾಂಕ. ಕಾಲೇಜಿನ ಪ್ರತಿಯೊಂದು ಆಡಳಿತಾತ್ಮಕ ಪದದ ಹಿಂದೆಯೂ ಒಂದು ಕಚೇರಿ ಮತ್ತು ಒಂದು ದಿನಾಂಕ ಇರುತ್ತವೆ. ಅರ್ಥ ತಿಳಿದು ದಿನಾಂಕ ತಿಳಿಯದಿದ್ದರೆ ಆ ತಿಳಿವಳಿಕೆಯಿಂದ ಪ್ರಯೋಜನವಿಲ್ಲ. ಇದರ ಜೊತೆಗೆ ಮೂರು ದಾಖಲೆಗಳನ್ನು ಇಳಿಸಿಕೊಳ್ಳಿ: ಆ ವರ್ಷದ ಕ್ಯಾಟಲಾಗ್, ಆ ಟರ್ಮ್‌ನ ಕ್ಲಾಸ್ ಷೆಡ್ಯೂಲ್, ಮತ್ತು ಅಕಾಡೆಮಿಕ್ ಕ್ಯಾಲೆಂಡರ್. ಊರಿನಲ್ಲಿ ಓದಿದವರು ತಮ್ಮ ಎಲ್ಲ ಸೆಮಿಸ್ಟರ್‌ಗಳ ಅಂಕಪಟ್ಟಿ, ಪದವಿ ಪ್ರಮಾಣಪತ್ರ ಮತ್ತು ಸಾಧ್ಯವಾದರೆ ವಿಶ್ವವಿದ್ಯಾಲಯ ಪ್ರಕಟಿಸಿದ ಪಠ್ಯಕ್ರಮದ ಪ್ರತಿಯನ್ನೂ ಹತ್ತಿರ ಇಟ್ಟುಕೊಳ್ಳಬೇಕು.

ಹಂತ 1: ಹಳೆಯ ಅರ್ಥಗಳನ್ನು ಬದಿಗಿಡುವುದು

“ಅಡ್ಮಿಷನ್ ಆಯಿತು” ಎಂದರೆ ನಮ್ಮಲ್ಲಿ ಶುಲ್ಕ ಕಟ್ಟಿ ಸೀಟು ಖಚಿತವಾಯಿತು ಎಂದರ್ಥ. ಇಲ್ಲಿ ಹೈಸ್ಕೂಲ್ ಮುಗಿಸಿದವರು ಅಥವಾ 18 ವರ್ಷ ತುಂಬಿದವರು ಅರ್ಜಿ ಹಾಕಿದರೆ ಅಡ್ಮಿಷನ್ ಸಿಗುತ್ತದೆ. ವಿದ್ಯಾರ್ಥಿ ಸಂಖ್ಯೆಯೊಂದಿಗೆ ಅಭಿನಂದನೆಯ ಇಮೇಲ್ ಬರುತ್ತದೆ, ಆದರೆ ಆ ಹೊತ್ತಿಗೆ ನಿಮ್ಮ ಹೆಸರಿನಲ್ಲಿ ಒಂದು ಸೀಟೂ ಇರುವುದಿಲ್ಲ. ಸೀಟು ಸಿಗುವುದು ರಿಜಿಸ್ಟ್ರೇಷನ್ ಎಂಬ ಬೇರೆಯೇ ಹಂತದಲ್ಲಿ, ಅದೂ ಒಂದೊಂದು ತರಗತಿಗೆ ಪ್ರತ್ಯೇಕವಾಗಿ.

“ಕೋರ್ಸ್” ಎಂದರೆ ಬಿ.ಕಾಂ. ಅಥವಾ ಡಿಪ್ಲೊಮಾದಂಥ ಇಡೀ ವ್ಯಾಸಂಗವಲ್ಲ, ಅದರೊಳಗಿನ ಒಂದು ವಿಷಯ. ಇಡೀ ವ್ಯಾಸಂಗಕ್ಕೆ ಇಲ್ಲಿ ಪ್ರೋಗ್ರಾಂ ಅಥವಾ ಮೇಜರ್ ಎನ್ನುತ್ತಾರೆ. “ಸಿಲಬಸ್” ವಿಶ್ವವಿದ್ಯಾಲಯ ಎಲ್ಲ ಕಾಲೇಜುಗಳಿಗೂ ಕಳಿಸುವ ಪಠ್ಯಕ್ರಮವಲ್ಲ. ಆ ಒಂದು ತರಗತಿಯ ಅಧ್ಯಾಪಕರು ಬರೆದ ನಿಯಮಪತ್ರ. ಅಂಕಗಳ ಹಂಚಿಕೆ, ತಡವಾಗಿ ಕೊಟ್ಟ ಮನೆಗೆಲಸಕ್ಕೆ ಎಷ್ಟು ಕಡಿತ, ಹಾಜರಿಯ ನಿಯಮ, ನಕಲಿಗೆ ಏನು ಶಿಕ್ಷೆ ಎಂಬುದೆಲ್ಲ ಅದರಲ್ಲಿರುತ್ತದೆ. ಒಂದೇ ವಿಷಯವನ್ನು ಇಬ್ಬರು ಬೋಧಿಸಿದರೆ ಸಿಲಬಸ್ ಎರಡಾಗಿರುತ್ತದೆ.

“ಟ್ರಾನ್ಸ್‌ಫರ್” ಎಂದೊಡನೆ ಟಿ.ಸಿ. ನೆನಪಿಗೆ ಬರುತ್ತದೆ. ಇಲ್ಲಿ ಅದು ಎರಡು ವರ್ಷ ಓದಿ ನಾಲ್ಕು ವರ್ಷದ ವಿಶ್ವವಿದ್ಯಾಲಯದ ಮೂರನೇ ವರ್ಷಕ್ಕೆ ಸೇರುವುದು. ಕಾಲೇಜು ಬಿಟ್ಟುಹೋಗಲು ಯಾರೂ ಪ್ರಮಾಣಪತ್ರ ಕೇಳುವುದಿಲ್ಲ. “ಕೌನ್ಸೆಲರ್” ಎಂದರೆ ಸಿಇಟಿ ಕೌನ್ಸೆಲಿಂಗ್‌ನ ಸೀಟು ಹಂಚುವವರೂ ಅಲ್ಲ, ಮನಸ್ಸಿನ ತೊಂದರೆಗೆ ಮಾತ್ರ ನೋಡಬೇಕಾದವರೂ ಅಲ್ಲ. ಯಾವ ಟರ್ಮ್‌ನಲ್ಲಿ ಏನು ಓದಬೇಕೆಂದು ನಿಮ್ಮೊಂದಿಗೆ ಕೂತು ಎಜುಕೇಷನ್ ಪ್ಲ್ಯಾನ್ ಬರೆದುಕೊಡುವ ಅಧಿಕೃತ ವ್ಯಕ್ತಿ ಅವರೇ. ಅವರನ್ನು ನೋಡಲು ಹಣ ಕೊಡಬೇಕಾಗಿಲ್ಲ, ಸಂಕೋಚವನ್ನೂ ಪಡಬೇಕಾಗಿಲ್ಲ.

ಪ್ರಾಂಶುಪಾಲರಿಗೆ ಇಲ್ಲಿ ಪ್ರೆಸಿಡೆಂಟ್ ಎನ್ನುತ್ತಾರೆ, ಸಣ್ಣಪುಟ್ಟ ಕೆಲಸಕ್ಕೆ ಅವರ ಸಹಿ ಬೇಕಾಗುವುದಿಲ್ಲ. ದಾಖಲೆಗಳೆಲ್ಲ ಅಡ್ಮಿಷನ್ಸ್ ಅಂಡ್ ರೆಕಾರ್ಡ್ಸ್ ಕಚೇರಿಯಲ್ಲಿ, ಒಂದು ವಿಭಾಗದ ದೂರುಗಳು ಡೀನ್ ಬಳಿ.

ಹಂತ 2: ಅರ್ಜಿ ಮತ್ತು ರೆಸಿಡೆನ್ಸಿ

ಅರ್ಜಿಯನ್ನು ಸಿಸಿಸಿಅಪ್ಲೈ ಎಂಬ ರಾಜ್ಯಮಟ್ಟದ ಜಾಲತಾಣದಲ್ಲಿ ಹಾಕಬೇಕು, ಅರ್ಜಿ ಉಚಿತ. ಹೆಸರನ್ನು ಪಾಸ್‌ಪೋರ್ಟಿನಲ್ಲಿರುವಂತೆಯೇ ಬರೆಯಿರಿ. ತಂದೆಯ ಹೆಸರು ಕೊನೆಯ ಹೆಸರಾಗಿ ಒಂದು ಕಡೆ, ಇನಿಷಿಯಲ್ ಆಗಿ ಇನ್ನೊಂದು ಕಡೆ ಇದ್ದರೆ ಕಾಲೇಜಿನಲ್ಲಿ ಒಬ್ಬರಿಗೇ ಎರಡು ದಾಖಲೆ ಸೃಷ್ಟಿಯಾಗುತ್ತದೆ, ಅದನ್ನು ಒಂದುಗೂಡಿಸಲು ವಾರಗಳೇ ಹಿಡಿಯಬಹುದು.

ಹಣದ ದೃಷ್ಟಿಯಿಂದ ಅತಿ ಮುಖ್ಯವಾದ ಪದ ರೆಸಿಡೆನ್ಸಿ. ಇದಕ್ಕೂ ಮನೆ ವಿಳಾಸಕ್ಕೂ ಇರುವ ಸಂಬಂಧ ಅರ್ಧ ಮಾತ್ರ. ಟರ್ಮ್ ಆರಂಭವಾಗುವ ಹಿಂದಿನ ದಿನಕ್ಕೆ ನೀವು ಕ್ಯಾಲಿಫೋರ್ನಿಯಾದಲ್ಲಿ ಒಂದು ವರ್ಷಕ್ಕಿಂತ ಹೆಚ್ಚು ಕಾಲ ವಾಸವಿದ್ದಿರಬೇಕು, ಇಲ್ಲೇ ನೆಲೆಸುವ ಉದ್ದೇಶವನ್ನು ದಾಖಲೆಗಳಿಂದ ತೋರಿಸಬೇಕು, ಮತ್ತು ನಿಮ್ಮ ವೀಸಾ ಅದಕ್ಕೆ ಅವಕಾಶ ಕೊಡುವಂಥದ್ದಾಗಿರಬೇಕು. ಎಚ್-1ಬಿ, ಎಚ್-4, ಎಲ್-2 ವೀಸಾದವರು ರೆಸಿಡೆಂಟ್ ಆಗಬಹುದು. ಎಫ್-1 ವಿದ್ಯಾರ್ಥಿ ವೀಸಾದವರು ಎಷ್ಟು ವರ್ಷ ಇದ್ದರೂ ಆಗುವುದಿಲ್ಲ. ರೆಸಿಡೆಂಟ್ ಆದವರಿಗೆ ಸೆಮಿಸ್ಟರ್ ಕಾಲೇಜಿನಲ್ಲಿ ಯೂನಿಟ್‌ಗೆ (ಪಾಠದ ಅಳತೆ, ವಿವರ ಹಂತ 3ರಲ್ಲಿ) 46 ಡಾಲರ್ ಎನ್‌ರೋಲ್‌ಮೆಂಟ್ ಶುಲ್ಕ. ಆಗದವರು ಅದರ ಮೇಲೆ ಹಲವು ಪಟ್ಟು ಹೆಚ್ಚಿನ ನಾನ್‌ರೆಸಿಡೆಂಟ್ ಟ್ಯೂಷನ್ ಕೊಡಬೇಕು.

ಎಚ್-4 ವೀಸಾದಲ್ಲಿರುವ ನಮ್ಮ ಎಷ್ಟೋ ಹೆಣ್ಣುಮಕ್ಕಳು “ನಮಗೆ ಓದಲು ಅನುಮತಿಯಿಲ್ಲ” ಎಂದುಕೊಂಡು ವರ್ಷಗಟ್ಟಲೆ ಸುಮ್ಮನಿದ್ದದ್ದನ್ನು ನಾನು ಕಂಡಿದ್ದೇನೆ, ಅದು ನನಗೆ ತುಂಬ ಬೇಸರ ತರುವ ಸಂಗತಿ. ಎಚ್-4ರಲ್ಲಿ ಓದಬಹುದು, ಒಂದೇ ತರಗತಿಯಾದರೂ ಸರಿ, ಪೂರ್ಣಾವಧಿಯಾದರೂ ಸರಿ. ಕೆಲಸಕ್ಕೆ ಮಾತ್ರ, ಕ್ಯಾಂಪಸ್ಸಿನೊಳಗಿನ ಕೆಲಸವನ್ನೂ ಸೇರಿಸಿ, ಪ್ರತ್ಯೇಕ ಅನುಮತಿ ಬೇಕು.

ಎಚ್ಚರಿಕೆಯ ಲಕ್ಷಣ: ಅರ್ಜಿ ಹಾಕಿದ ಮೇಲೆ ಕಾಲೇಜಿನ ವಿದ್ಯಾರ್ಥಿ ಜಾಲತಾಣವಾದ ಪೋರ್ಟಲ್‌ನಲ್ಲಿ ನಿಮ್ಮ ಹೆಸರಿನ ಮುಂದೆ “ನಾನ್‌ರೆಸಿಡೆಂಟ್” ಎಂದು ಕಂಡರೆ ಅದನ್ನು ಅಂತಿಮ ತೀರ್ಪೆಂದು ತಿಳಿಯಬೇಡಿ, ಕಡೆಗಣಿಸಲೂ ಬೇಡಿ. ಸಾಮಾನ್ಯವಾಗಿ ಅದು ದಾಖಲೆ ಬಾಕಿ ಇದೆ ಎಂಬುದರ ಸೂಚನೆ. ಬಾಡಿಗೆ ಕರಾರು, ಡ್ರೈವಿಂಗ್ ಲೈಸೆನ್ಸ್, ರಾಜ್ಯ ತೆರಿಗೆ ವಿವರ, ಐ-94 ಮತ್ತು ವೀಸಾ ಪುಟಗಳನ್ನು ಟರ್ಮ್ ಆರಂಭಕ್ಕೆ ಮುನ್ನವೇ ಅಡ್ಮಿಷನ್ಸ್ ಕಚೇರಿಗೆ ತಲುಪಿಸಿ. ಕಡಿಮೆ ಆದಾಯದ ರೆಸಿಡೆಂಟ್ ಕುಟುಂಬಗಳಿಗೆ ಎನ್‌ರೋಲ್‌ಮೆಂಟ್ ಶುಲ್ಕವನ್ನೇ ಮನ್ನಾ ಮಾಡುವ ಕ್ಯಾಲಿಫೋರ್ನಿಯಾ ಕಾಲೇಜ್ ಪ್ರಾಮಿಸ್ ಗ್ರಾಂಟ್ ಇದೆ. ಅದನ್ನು ಕೇಳಬೇಕಾದದ್ದು ಫೈನಾನ್ಷಿಯಲ್ ಏಡ್ ಕಚೇರಿಯಲ್ಲಿ.

ಹಂತ 3: ಯೂನಿಟ್ ಎಂಬ ಅಳತೆಗೋಲು

ಸೆಮಿಸ್ಟರ್ ಕಾಲೇಜಿನ ಒಂದು ಯೂನಿಟ್ ಎಂದರೆ ವಾರಕ್ಕೆ ಸುಮಾರು ಒಂದು ಗಂಟೆ ಪಾಠ, ಎರಡು ಗಂಟೆ ಮನೆಯ ಓದು. ಮೂರು ಯೂನಿಟ್‌ನ ತರಗತಿಗೆ ವಾರಕ್ಕೆ ಒಂಬತ್ತು ಗಂಟೆ ಬೇಕು. ಪೂರ್ಣಾವಧಿ ಎನಿಸಿಕೊಳ್ಳುವ 12 ಯೂನಿಟ್‌ಗೆ 36 ಗಂಟೆ. ಮನೆಯಲ್ಲಿ ಚಿಕ್ಕ ಮಗುವಿರುವವರು ಈ ಲೆಕ್ಕವನ್ನು ನೋಟ್‌ಬುಕ್ಕಿನಲ್ಲಿ ಬರೆದು ನೋಡಿ, ಆಮೇಲೆ ಎಷ್ಟು ತೆಗೆದುಕೊಳ್ಳಬೇಕೆಂದು ತೀರ್ಮಾನಿಸಬೇಕು.

ಎಲ್ಲ ಕಾಲೇಜುಗಳೂ ಸೆಮಿಸ್ಟರ್ ಪದ್ಧತಿಯವಲ್ಲ. ಕ್ಯುಪರ್ಟಿನೋದ ಡಿ ಆನ್ಜಾ ಮತ್ತು ಲಾಸ್ ಆಲ್ಟೋಸ್ ಹಿಲ್ಸ್‌ನ ಫುಟ್‌ಹಿಲ್ ಕಾಲೇಜುಗಳಲ್ಲಿ ವರ್ಷವನ್ನು ಕ್ವಾರ್ಟರ್‌ಗಳಾಗಿ ವಿಂಗಡಿಸಲಾಗಿದೆ. ಫ್ರೀಮಾಂಟ್‌ನ ಒಲೋನಿ, ಸಾಂಟಾ ಕ್ಲಾರಾದ ಮಿಷನ್ ಕಾಲೇಜುಗಳಲ್ಲಿ ಸೆಮಿಸ್ಟರ್. ಕ್ವಾರ್ಟರ್ ಯೂನಿಟ್ ಸೆಮಿಸ್ಟರ್ ಯೂನಿಟ್‌ನ ಮೂರನೇ ಎರಡರಷ್ಟು ಮಾತ್ರ, ಶುಲ್ಕವೂ ಅದೇ ಪ್ರಮಾಣದಲ್ಲಿ 31 ಡಾಲರ್. ಅಸೋಸಿಯೇಟ್ ಎಂಬ ಎರಡು ವರ್ಷದ ಪದವಿಗೆ ಸೆಮಿಸ್ಟರ್ ಲೆಕ್ಕದಲ್ಲಿ 60, ಕ್ವಾರ್ಟರ್ ಲೆಕ್ಕದಲ್ಲಿ 90 ಯೂನಿಟ್ ಬೇಕು. ಎರಡು ಕಾಲೇಜುಗಳಲ್ಲಿ ಓದುವವರು ಈ ಎರಡು ಅಳತೆಗಳನ್ನು ನೇರವಾಗಿ ಕೂಡಿಸಿ, ಕೊನೆಗೆ ಯೂನಿಟ್ ಸಾಲದೆ ಪರದಾಡುವುದು ಸಾಮಾನ್ಯ ತಪ್ಪು. ಐದು ಕ್ವಾರ್ಟರ್ ಯೂನಿಟ್ ಇನ್ನೊಂದು ಕಡೆ 3.33 ಆಗುತ್ತದೆ.

ನಾನ್‌ಕ್ರೆಡಿಟ್ ಎಂಬುದು ಬೇರೆ ವರ್ಗ. ಇಂಗ್ಲಿಷ್ ಮಾತುಗಾರಿಕೆಯಂಥ ನಾನ್‌ಕ್ರೆಡಿಟ್ ತರಗತಿಗಳಿಗೆ ಎನ್‌ರೋಲ್‌ಮೆಂಟ್ ಶುಲ್ಕವಿಲ್ಲ, ಯೂನಿಟ್ಟೂ ಇಲ್ಲ. ಊರಿನಿಂದ ಬಂದು ಮಾತಾಡಲು ಹಿಂಜರಿಯುವವರಿಗೆ ಇದು ಒಳ್ಳೆಯ ಆರಂಭ.

ಹಂತ 4: ಷೆಡ್ಯೂಲಿನ ಒಂದು ಸಾಲನ್ನು ಓದುವುದು

ಕ್ಯಾಟಲಾಗ್ ವರ್ಷಕ್ಕೊಮ್ಮೆ ಬರುವ ನಿಯಮಗ್ರಂಥ. ಕಾಲೇಜು ಬೋಧಿಸಬಹುದಾದ ಎಲ್ಲ ಕೋರ್ಸ್‌ಗಳ ವಿವರ ಅದರಲ್ಲಿರುತ್ತದೆ. ಷೆಡ್ಯೂಲ್ ಈ ಟರ್ಮ್‌ನಲ್ಲಿ ನಿಜವಾಗಿ ನಡೆಯುವ ತರಗತಿಗಳ ಪಟ್ಟಿ. ಕ್ಯಾಟಲಾಗ್‌ನಲ್ಲಿದೆ ಎಂದ ಮಾತ್ರಕ್ಕೆ ಈ ಬಾರಿ ನಡೆಯುತ್ತದೆ ಎಂದೇನೂ ಇಲ್ಲ.

ಷೆಡ್ಯೂಲಿನ ಒಂದು ಸಾಲು ಹೀಗಿರುತ್ತದೆ ಎಂದುಕೊಳ್ಳಿ: “ಸಿಆರ್‌ಎನ್ 40127, ಇಂಗ್ಲಿಷ್ ಸಿ1000, ಟಿಆರ್ 9:30–10:45, ಹೈಬ್ರಿಡ್, ವೇಟ್‌ಲಿಸ್ಟ್ 4”. ಸಿಆರ್‌ಎನ್ ಎಂಬುದು ಆ ನಿರ್ದಿಷ್ಟ ತರಗತಿಯ ಗುರುತಿನ ಸಂಖ್ಯೆ. ನೋಂದಣಿ ಮಾಡುವುದು ಇದರಿಂದಲೇ, ಒಂದು ಅಂಕೆ ತಪ್ಪಿದರೆ ಬೇರೆ ತರಗತಿಗೆ ಸೇರಿರುತ್ತೀರಿ. ‘ಸಿ’ ಅಕ್ಷರದಿಂದ ಆರಂಭವಾಗುವ ನಾಲ್ಕಂಕಿಯ ಸಂಖ್ಯೆ 2025ರಿಂದ ರಾಜ್ಯದ ಕಾಲೇಜುಗಳಲ್ಲಿ ಹಂತಹಂತವಾಗಿ ಬರುತ್ತಿರುವ ಏಕರೂಪದ ಕೋರ್ಸ್ ಸಂಖ್ಯೆ. ಟಿ ಎಂದರೆ ಮಂಗಳವಾರ, ಆರ್ ಎಂದರೆ ಗುರುವಾರ. ಆರ್ ಎಂದರೆ ಗುರುವಾರ ಎಂದು ತಿಳಿಯದೆ ಮೊದಲ ವಾರವೇ ಒಂದು ಪಾಠ ತಪ್ಪಿಸಿಕೊಂಡವರಿದ್ದಾರೆ. ಹೈಬ್ರಿಡ್ ಎಂದರೆ ಸ್ವಲ್ಪ ಪಾಠ ಕ್ಯಾಂಪಸ್ಸಿನಲ್ಲಿ, ಉಳಿದದ್ದು ಆನ್‌ಲೈನ್. ಆನ್‌ಲೈನ್‌ನಲ್ಲೂ ಸಿಂಕ್ರನಸ್ ಎಂದಿದ್ದರೆ ನಿಗದಿತ ಸಮಯಕ್ಕೆ ಕೂರಲೇಬೇಕು, ಅಸಿಂಕ್ರನಸ್ ಎಂದಿದ್ದರೆ ವಾರದ ಗಡುವಿನೊಳಗೆ ನಿಮ್ಮ ಸಮಯಕ್ಕೆ ಓದಬಹುದು.

ಅದೇ ಸಾಲಿನ ಕೆಳಗೆ ಪ್ರಿರಿಕ್ವಿಸಿಟ್, ಕೋರಿಕ್ವಿಸಿಟ್, ಅಡ್ವೈಸರಿ ಎಂಬ ಮೂರು ಪದಗಳಲ್ಲಿ ಯಾವುದಾದರೂ ಇರಬಹುದು. ಮೊದಲನೆಯದು ಮುನ್ನವೇ ಮುಗಿಸಿರಬೇಕಾದ ಕೋರ್ಸ್, ಎರಡನೆಯದು ಜೊತೆಯಲ್ಲೇ ತೆಗೆದುಕೊಳ್ಳಬೇಕಾದದ್ದು, ಮೂರನೆಯದು ಬರೀ ಸಲಹೆ. ಬೆಂಗಳೂರಿನಲ್ಲಿ ಬಿ.ಇ. ಮುಗಿಸಿದವರಿಗೂ ಕಂಪ್ಯೂಟರ್ ವ್ಯವಸ್ಥೆ “ಪ್ರಿರಿಕ್ವಿಸಿಟ್ ಇಲ್ಲ” ಎಂದೇ ಹೇಳುತ್ತದೆ, ಏಕೆಂದರೆ ನಿಮ್ಮ ಅಂಕಪಟ್ಟಿ ಅದರ ಕಣ್ಣಿಗೆ ಬಿದ್ದಿಲ್ಲ. ನೇಸಸ್ ಎಂಬ ಒಕ್ಕೂಟದ ಸದಸ್ಯ ಸಂಸ್ಥೆಯೊಂದರಿಂದ ಅಂಕಪಟ್ಟಿಯ ಕೋರ್ಸ್‌ವಾರು ಮೌಲ್ಯಮಾಪನ ಮಾಡಿಸಿ, ಪ್ರಿರಿಕ್ವಿಸಿಟ್ ಕ್ಲಿಯರೆನ್ಸ್ ಅರ್ಜಿಯ ಜೊತೆ ಸಲ್ಲಿಸಬೇಕು. ಮೌಲ್ಯಮಾಪನ ಮಾಡಿಸುವಾಗ “ಡಾಕ್ಯುಮೆಂಟ್ ಬೈ ಡಾಕ್ಯುಮೆಂಟ್” ಎಂಬ ಅಗ್ಗದ ಆಯ್ಕೆಯನ್ನು ತೆಗೆದುಕೊಳ್ಳಬೇಡಿ. ಅದರಲ್ಲಿ ಪದವಿಯ ಹೆಸರು ಮಾತ್ರ ಇರುತ್ತದೆ, ವಿಷಯಗಳ ವಿವರ ಇರುವುದಿಲ್ಲ, ಹೀಗಾಗಿ ಎರಡನೇ ಬಾರಿ ಹಣ ಕಟ್ಟಬೇಕಾಗುತ್ತದೆ.

ಹಂತ 5: ನೋಂದಣಿಯಿಂದ ಮೊದಲ ವಾರದವರೆಗೆ

ಇಲ್ಲಿ ಕ್ರಮ ಬಹಳ ಮುಖ್ಯ. ಓರಿಯೆಂಟೇಷನ್ ಮತ್ತು ಎಜುಕೇಷನ್ ಪ್ಲ್ಯಾನ್ ಮುಗಿಸಿದವರಿಗೆ ಬೇಗನೆಯ ನೋಂದಣಿ ದಿನಾಂಕ ಸಿಗುತ್ತದೆ. ಬಿಟ್ಟವರಿಗೆ ತಡವಾಗಿ ಸಿಗುತ್ತದೆ, ಅಷ್ಟರಲ್ಲಿ ಸಂಜೆಯ ತರಗತಿಗಳು ತುಂಬಿರುತ್ತವೆ. ಆ ದಿನಕ್ಕೆ ಒಂದು ವಾರ ಮೊದಲೇ ಪೋರ್ಟಲ್‌ನಲ್ಲಿ “ಹೋಲ್ಡ್” ಇದೆಯೇ ನೋಡಿ. ಹೋಲ್ಡ್ ಎಂದರೆ ಯಾವುದೋ ಕಚೇರಿ ನಿಮ್ಮ ದಾಖಲೆಗೆ ಬೀಗ ಹಾಕಿದೆ ಎಂದರ್ಥ. ಹಳೆಯ ಬಾಕಿಯಿಂದಲೂ ಆಗಿರಬಹುದು, ಬಾರದ ದಾಖಲೆಯಿಂದಲೂ ಆಗಿರಬಹುದು. ಬೀಗ ಹಾಕಿದ ಕಚೇರಿಯೇ ಅದನ್ನು ತೆಗೆಯಬೇಕು, ಬೇರೆಯವರನ್ನು ಕೇಳಿ ಪ್ರಯೋಜನವಿಲ್ಲ.

ತರಗತಿ ತುಂಬಿದ್ದರೆ ವೇಟ್‌ಲಿಸ್ಟ್ ಸೇರಬಹುದು. ಟರ್ಮ್ ಆರಂಭವಾದ ಮೇಲೆ ಸೇರಬೇಕಾದರೆ ಅಧ್ಯಾಪಕರು ಕೊಡುವ ಆ್ಯಡ್ ಕೋಡ್ ಬೇಕು. ಕೋಡ್ ಕೈಗೆ ಬಂದಾಕ್ಷಣ ಸೇರಿದಂತಲ್ಲ, ಅದನ್ನು ಪೋರ್ಟಲ್‌ನಲ್ಲಿ ನೀವೇ ಹಾಕಬೇಕು, ಅದಕ್ಕೂ ಕೊನೆಯ ದಿನಾಂಕವಿದೆ.

ಮೊದಲ ದಿನ ತರಗತಿಗೆ ಹೋಗದಿದ್ದರೆ ಅಧ್ಯಾಪಕರು ನಿಮ್ಮನ್ನು ನೋ-ಷೋ ಎಂದು ತೆಗೆದುಹಾಕಿ, ಆ ಸೀಟನ್ನು ವೇಟ್‌ಲಿಸ್ಟಿನವರಿಗೆ ಕೊಡಬಹುದು. ಆನ್‌ಲೈನ್ ತರಗತಿಯಲ್ಲಿ ಕ್ಯಾನ್ವಾಸ್ ಎಂಬ ಪಾಠದ ಜಾಲತಾಣವನ್ನು ತೆರೆದು ನೋಡಿದರೆ ಸಾಲದು. ಮೊದಲ ವಾರದ ಪರಿಚಯ ಬರಹವನ್ನೋ ಕ್ವಿಜ್ ಅನ್ನೋ ಸಲ್ಲಿಸಿದರೆ ಮಾತ್ರ ಹಾಜರಿ. ಬೇಸಿಗೆಯಲ್ಲಿ ಊರಿಗೆ ಹೋದವರು ಟರ್ಮ್ ಆರಂಭದ ನಂತರದ ವಿಮಾನ ಟಿಕೆಟ್ ಕೊಳ್ಳುವ ಮೊದಲು ಇದನ್ನು ನೆನಪಿನಲ್ಲಿಡಬೇಕು.

ಹಂತ 6: ಡ್ರಾಪ್, ವಿತ್‌ಡ್ರಾ, ಎಫ್

ಅತಿ ಹೆಚ್ಚು ಹಾನಿಯಾಗುವುದು ಇಲ್ಲಿ, ಆದ್ದರಿಂದ ಈ ಹಂತವನ್ನು ಎರಡು ಬಾರಿ ಓದಿ.

ನಾನು ಓದುತ್ತಿದ್ದಾಗ ಮೈಸೂರಿನಲ್ಲಿದ್ದ ನನ್ನ ತಂದೆಗೆ ಪಾರ್ಶ್ವವಾಯುವಾಯಿತು. ರಾತ್ರೋರಾತ್ರಿ ಟಿಕೆಟ್ ಮಾಡಿ, ವಿಮಾನ ನಿಲ್ದಾಣದಿಂದಲೇ ಅಧ್ಯಾಪಕರಿಗೆ ಇಮೇಲ್ ಬರೆದೆ. “ಮೊದಲು ಕುಟುಂಬವನ್ನು ನೋಡಿಕೊಳ್ಳಿ, ಚಿಂತಿಸಬೇಡಿ” ಎಂದು ಅವರು ತಕ್ಷಣ ಉತ್ತರಿಸಿದರು. ರಜಾ ಚೀಟಿ ಕೊಟ್ಟು ಬೆಳೆದ ನನಗೆ ಅದು ರಜೆ ಮಂಜೂರಾದಂತೆಯೇ ಕಂಡಿತು. ಅವರು ತೋರಿಸಿದ್ದು ಅಂತಃಕರಣ. ನನ್ನ ಹೆಸರು ಮಾತ್ರ ಹಾಜರಿ ಪಟ್ಟಿಯಲ್ಲಿ ಹಾಗೆಯೇ ಇತ್ತು. ಮರಳಿ ಬಂದಾಗ ಟ್ರಾನ್ಸ್‌ಕ್ರಿಪ್ಟ್‌ನಲ್ಲಿ, ಅಂದರೆ ಕಾಲೇಜಿನ ಗ್ರೇಡ್ ಪಟ್ಟಿಯಲ್ಲಿ, ಎಫ್ ಕೂತಿತ್ತು. ಕರ್ನಾಟಕದಲ್ಲಿ ಹಾಜರಾತಿ ಕೊರತೆಯಾದರೆ ಹಾಲ್ ಟಿಕೆಟ್ ತಡೆಹಿಡಿಯುತ್ತಾರೆ, ಪರೀಕ್ಷೆ ಮುಂದಕ್ಕೆ ಹೋಗುತ್ತದೆ. ಇಲ್ಲಿ ತಡೆಹಿಡಿಯುವುದು ಎಂಬುದೇ ಇಲ್ಲ; ನೀವು ಹೊರಬರದಿದ್ದರೆ ಗ್ರೇಡ್ ಬಂದೇ ಬರುತ್ತದೆ.

ಹೊರಬರುವುದಕ್ಕೆ ಮೂರು ದಿನಾಂಕಗಳಿವೆ, ಮೂರನ್ನೂ ನೋಟ್‌ಬುಕ್ಕಿನಲ್ಲಿ ಕೆಂಪು ಶಾಯಿಯಲ್ಲಿ ಬರೆಯಿರಿ.

ಮೊದಲನೆಯದು ಶುಲ್ಕ ವಾಪಸಾತಿಯ ಕೊನೆಯ ದಿನ. ಪೂರ್ಣ ಟರ್ಮ್ ನಡೆಯುವ ತರಗತಿಗೆ ಅದು ಎರಡನೇ ವಾರದ ಕೊನೆಯವರೆಗೆ, ಕಡಿಮೆ ಅವಧಿಯ ತರಗತಿಗೆ ಒಟ್ಟು ಅವಧಿಯ ಶೇ. 10 ಕಳೆಯುವವರೆಗೆ ಮಾತ್ರ. ಆರು ವಾರದ ಬೇಸಿಗೆ ತರಗತಿಯಲ್ಲಿ ಇದು ಕೆಲವೇ ದಿನ.

ಎರಡನೆಯದು ಕಾಲೇಜು ತನ್ನ ವಿದ್ಯಾರ್ಥಿಗಳನ್ನು ಎಣಿಸುವ ಸೆನ್ಸಸ್ ದಿನಾಂಕಕ್ಕೆ ಹೊಂದಿಕೊಂಡಿರುವುದು, ಅಂದರೆ ಟರ್ಮ್‌ನ ಐದನೇ ಒಂದು ಭಾಗ ಕಳೆಯುವ ಹೊತ್ತು. ಅದಕ್ಕೆ ಮೊದಲು ಡ್ರಾಪ್ ಮಾಡಿದರೆ ಟ್ರಾನ್ಸ್‌ಕ್ರಿಪ್ಟ್‌ನಲ್ಲಿ ಯಾವ ಗುರುತೂ ಉಳಿಯುವುದಿಲ್ಲ.

ಮೂರನೆಯದು ವಿತ್‌ಡ್ರಾ ಮಾಡಲು ಕೊನೆಯ ದಿನ, ಟರ್ಮ್‌ನ ಸುಮಾರು ಮುಕ್ಕಾಲು ಭಾಗದ ಬಳಿ. ಸೆನ್ಸಸ್‌ನಿಂದ ಇಲ್ಲಿಯವರೆಗೆ ಹೊರಬಂದರೆ ಡಬ್ಲ್ಯೂ ಎಂಬ ಗುರುತು ಬೀಳುತ್ತದೆ. ಡಬ್ಲ್ಯೂ ಜಿಪಿಎಯನ್ನು, ಅಂದರೆ ಗ್ರೇಡ್‌ಗಳ ಸರಾಸರಿಯನ್ನು, ಕೆಡಿಸುವುದಿಲ್ಲ, ಆದರೆ ಅದು ಒಂದು ಪ್ರಯತ್ನವಾಗಿ ಎಣಿಕೆಯಾಗುತ್ತದೆ. ಸಾಮಾನ್ಯವಾಗಿ ಒಂದೇ ಕೋರ್ಸ್‌ಗೆ ಡಬ್ಲ್ಯೂ ಮತ್ತು ಕಳಪೆ ಗ್ರೇಡ್‌ಗಳನ್ನು ಸೇರಿಸಿ ಮೂರೇ ಬಾರಿ ಅವಕಾಶ. ಈ ದಿನಾಂಕವೂ ದಾಟಿದರೆ ಗ್ರೇಡ್ ಖಚಿತ. ಕ್ವಾರ್ಟರ್ ಕಾಲೇಜಿನಲ್ಲಿ ಎಂಟನೇ ವಾರದ ಹೊತ್ತಿಗೇ ಈ ಬಾಗಿಲು ಮುಚ್ಚುತ್ತದೆ.

ಕಾಯಿಲೆ, ಅಪಘಾತ, ಮನೆಯವರ ಸಾವಿನಂಥ ಸಂದರ್ಭಗಳಿಗೆ ಇಡಬ್ಲ್ಯೂ, ಅಂದರೆ ಎಕ್ಸ್‌ಕ್ಯೂಸ್ಡ್ ವಿತ್‌ಡ್ರಾವಲ್ ಇದೆ. ಆಸ್ಪತ್ರೆಯ ಪತ್ರ, ವಿಮಾನ ಟಿಕೆಟ್‌ಗಳ ಜೊತೆ ಅರ್ಜಿ ಹಾಕಬೇಕು. ಅದು ಸಿಕ್ಕರೆ ಮೂರು ಪ್ರಯತ್ನಗಳ ಲೆಕ್ಕಕ್ಕೂ ಬರುವುದಿಲ್ಲ. ಟರ್ಮ್‌ನ ಕೊನೆಯಲ್ಲಿ ಅನಿವಾರ್ಯ ತೊಂದರೆಯಾಗಿ ಸ್ವಲ್ಪ ಕೆಲಸ ಮಾತ್ರ ಉಳಿದಿದ್ದರೆ ಇನ್‌ಕಂಪ್ಲೀಟ್ ಕೇಳಬಹುದು. ಉಳಿದದ್ದನ್ನು ಮುಗಿಸಲು ಗರಿಷ್ಠ ಒಂದು ವರ್ಷ. ಈ ಎರಡು ಪದಗಳು ಅಂದು ನನಗೆ ತಿಳಿದಿದ್ದರೆ ಆ ಎಫ್ ಬರುತ್ತಿರಲಿಲ್ಲ.

ಎಫ್-1 ವೀಸಾದವರಿಗೆ ಇನ್ನೊಂದು ಮಾತು: 12 ಯೂನಿಟ್‌ಗಿಂತ ಕೆಳಗಿಳಿಯುವ ಯಾವ ಡ್ರಾಪ್ ಮಾಡುವ ಮೊದಲೂ ಇಂಟರ್‌ನ್ಯಾಷನಲ್ ಕಚೇರಿಯಲ್ಲಿ ಎಫ್-1 ವಿದ್ಯಾರ್ಥಿಗಳ ಹೊಣೆ ಹೊತ್ತ ಡಿಎಸ್‌ಒ ಎಂಬ ಅಧಿಕಾರಿಯ ಅನುಮತಿ ಪಡೆಯಲೇಬೇಕು. ಇಲ್ಲವಾದರೆ ವೀಸಾ ಸ್ಥಿತಿಗೇ ಕುತ್ತು.

ಹಂತ 7: ಗ್ರೇಡ್, ಜಿಪಿಎ, ಪ್ರೊಬೇಷನ್

ಎಗೆ 4, ಬಿಗೆ 3, ಸಿಗೆ 2, ಡಿಗೆ 1, ಎಫ್‌ಗೆ 0. ಪ್ರತಿ ಗ್ರೇಡನ್ನೂ ಆ ತರಗತಿಯ ಯೂನಿಟ್‌ನಿಂದ ಗುಣಿಸಿ, ಒಟ್ಟು ಯೂನಿಟ್‌ನಿಂದ ಭಾಗಿಸಿದರೆ ಜಿಪಿಎ ಬರುತ್ತದೆ. ನಮ್ಮಲ್ಲಿ 35 ಅಂಕಕ್ಕೆ ಪಾಸು. ಇಲ್ಲಿ ಡಿ ಬಂದರೆ ಯೂನಿಟ್ ಸಿಕ್ಕರೂ ಅದು ಮುಂದಿನ ಕೋರ್ಸ್‌ಗೆ ಪ್ರಿರಿಕ್ವಿಸಿಟ್ ಆಗುವುದಿಲ್ಲ. ಅಕ್ಷರದ ಗ್ರೇಡ್ ಬದಲು ಪಾಸೋ ಅಲ್ಲವೋ ಎಂದಷ್ಟೇ ಬರೆಯುವ ಪಾಸ್–ನೋ ಪಾಸ್ ಆಯ್ಕೆ ಸುಲಭವೆನಿಸಿದರೂ, ಮೇಜರ್‌ಗೆ ಸಂಬಂಧಿಸಿದ ಕೋರ್ಸ್‌ಗಳಲ್ಲಿ ಅದನ್ನು ಕೌನ್ಸೆಲರ್‌ರನ್ನು ಕೇಳದೆ ಆರಿಸಬೇಡಿ.

ಪ್ರೊಬೇಷನ್ ಎಂದರೆ ನೌಕರಿಯ ಪರೀಕ್ಷಾವಧಿಯಲ್ಲ, ಎಚ್ಚರಿಕೆ. ಕೆಲವು ಕಾಲೇಜುಗಳು ಇದನ್ನು ಅಕಾಡೆಮಿಕ್ ನೋಟಿಸ್ ಎಂದೂ ಕರೆಯುತ್ತವೆ. 12 ಸೆಮಿಸ್ಟರ್ ಯೂನಿಟ್ ಪ್ರಯತ್ನಿಸಿದ ಮೇಲೆ ಜಿಪಿಎ 2.0ಕ್ಕಿಂತ ಕಡಿಮೆಯಾದರೆ ಅಕಾಡೆಮಿಕ್ ಪ್ರೊಬೇಷನ್; ಸಾಕಷ್ಟು ಯೂನಿಟ್‌ಗಳಿಗೆ ಸೇರಿದ ನಂತರ ಅವುಗಳಲ್ಲಿ ಅರ್ಧ ಅಥವಾ ಹೆಚ್ಚು ಡಬ್ಲ್ಯೂ, ಇನ್‌ಕಂಪ್ಲೀಟ್, ನೋ ಪಾಸ್ ಆದರೆ ಪ್ರೋಗ್ರೆಸ್ ಪ್ರೊಬೇಷನ್. ಈ ಇಮೇಲ್ ಬಂದಾಗ ನಾಚಿಕೆಯಿಂದ ಮುಚ್ಚಿಡುವ ಮಕ್ಕಳನ್ನು ಕಂಡಿದ್ದೇನೆ. ಅದು ಬಂದ ವಾರವೇ ಕೌನ್ಸೆಲರ್‌ರನ್ನು ಕಂಡರೆ ಹೆಚ್ಚಿನವು ಸರಿಹೋಗುತ್ತವೆ.

ತಂದೆತಾಯಿಗಳು ತಿಳಿಯಬೇಕಾದ ಪದ ಫರ್ಪಾ, 1974ರ ಕೇಂದ್ರ ಕಾನೂನು. ಅದರ ಪ್ರಕಾರ ಕಾಲೇಜಿಗೆ ಸೇರಿದ ಮೇಲೆ ದಾಖಲೆಗಳ ಮೇಲಿನ ಹಕ್ಕು ವಿದ್ಯಾರ್ಥಿಯದು, ವಯಸ್ಸು 18 ತುಂಬದಿದ್ದರೂ ಸರಿ. ಶುಲ್ಕ ಕಟ್ಟುವವರು ನೀವೇ ಆದರೂ ಕಚೇರಿಯವರು ಮಗಳ ಗ್ರೇಡನ್ನು ನಿಮಗೆ ಹೇಳಲಾರರು. ಅವರ ಮೇಲೆ ಸಿಟ್ಟಾಗುವ ಬದಲು, ಟರ್ಮ್‌ನ ಆರಂಭದಲ್ಲೇ ಮಗಳ ಜೊತೆ ಕೂತು ಮಾತಾಡಿಕೊಳ್ಳಿ.

ಹಂತ 8: ಟ್ರಾನ್ಸ್‌ಫರ್ ಮತ್ತು ಪದವಿ

ವಿಶ್ವವಿದ್ಯಾಲಯಕ್ಕೆ ಹೋಗುವ ಗುರಿಯಿದ್ದರೆ ಈ ಹಂತವನ್ನು ಮೊದಲ ಟರ್ಮ್‌ನಲ್ಲೇ ಆರಂಭಿಸಬೇಕು. ಆರ್ಟಿಕ್ಯುಲೇಷನ್ ಎಂದರೆ ನಿಮ್ಮ ಕಾಲೇಜಿನ ಈ ಕೋರ್ಸ್ ಆ ವಿಶ್ವವಿದ್ಯಾಲಯದ ಆ ಕೋರ್ಸ್‌ಗೆ ಸಮ ಎಂಬ ಲಿಖಿತ ಒಪ್ಪಂದ. ಅಸಿಸ್ಟ್ ಎಂಬ ಅಧಿಕೃತ ಜಾಲತಾಣದಲ್ಲಿ ನಿಮ್ಮ ಕಾಲೇಜು, ಸೇರಬೇಕಾದ ಯುಸಿ (ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ) ಅಥವಾ ಸಿಎಸ್‌ಯು (ಕ್ಯಾಲಿಫೋರ್ನಿಯಾ ಸ್ಟೇಟ್ ಯೂನಿವರ್ಸಿಟಿ) ಕ್ಯಾಂಪಸ್, ಮೇಜರ್ ಈ ಮೂರನ್ನು ಆರಿಸಿದರೆ ಪಟ್ಟಿ ಸಿಗುತ್ತದೆ. ಟ್ರಾನ್ಸ್‌ಫರಬಲ್ ಎಂದಿರುವ ಎಲ್ಲ ಕೋರ್ಸ್‌ಗಳೂ ನಿಮ್ಮ ಮೇಜರ್‌ಗೆ ಲೆಕ್ಕವಾಗುವುದಿಲ್ಲ. ಅರ್ಧದಷ್ಟು ಯೂನಿಟ್‌ಗಳು ವ್ಯರ್ಥವಾದವು ಎಂಬ ದೂರಿನ ಮೂಲ ಇದೇ.

ಸಾಮಾನ್ಯ ಶಿಕ್ಷಣದ ಕೋರ್ಸ್‌ಗಳಿಗೆ 2025ರ ಶರತ್ಕಾಲದಿಂದ ಯುಸಿ, ಸಿಎಸ್‌ಯು ಎರಡಕ್ಕೂ ಸೇರಿ ಕ್ಯಾಲ್-ಗೆಟ್‌ಸಿ ಎಂಬ ಒಂದೇ ಮಾದರಿ ಬಂದಿದೆ. ಐಗೆಟ್‌ಸಿ ಎಂದು ಹೇಳುವ ಹಳೆಯ ಪಟ್ಟಿಯನ್ನು ಸ್ನೇಹಿತರಿಂದ ಪಡೆದು ಅನುಸರಿಸಬೇಡಿ. ಟ್ರಾನ್ಸ್‌ಫರ್‌ಗೆಂದೇ ರೂಪಿಸಿದ ಎಡಿಟಿ ಎಂಬ ಅಸೋಸಿಯೇಟ್ ಪದವಿ ಪಡೆದವರಿಗೆ ಸಿಎಸ್‌ಯು ವ್ಯವಸ್ಥೆಯಲ್ಲಿ ಸ್ಥಾನ ಖಾತ್ರಿ, ಆದರೆ ಬಯಸಿದ ಕ್ಯಾಂಪಸ್ಸಿನಲ್ಲೇ ಎಂದಲ್ಲ. ಟ್ಯಾಗ್ ಎಂಬ ಟ್ರಾನ್ಸ್‌ಫರ್ ಪ್ರವೇಶದ ಖಾತ್ರಿ ಯುಸಿಯ ಆರು ಕ್ಯಾಂಪಸ್‌ಗಳಲ್ಲಿದೆ: ಡೇವಿಸ್, ಅರ್ವೈನ್, ಮರ್ಸೆಡ್, ರಿವರ್‌ಸೈಡ್, ಸಾಂಟಾ ಬಾರ್ಬರಾ, ಸಾಂಟಾ ಕ್ರೂಜ್. ಬರ್ಕ್ಲಿ, ಲಾಸ್ ಏಂಜಲೀಸ್, ಸ್ಯಾನ್ ಡಿಯೇಗೊಗಳಲ್ಲಿಲ್ಲ. ಅದಕ್ಕೆ ಸೇರುವ ಹಿಂದಿನ ವರ್ಷದ ಸೆಪ್ಟೆಂಬರ್ ತಿಂಗಳೊಳಗೆ ಒಂದೇ ಕ್ಯಾಂಪಸ್ಸಿಗೆ ಅರ್ಜಿ ಹಾಕಬೇಕು. ಆಮೇಲೆ ಯುಸಿಯ ಸಾಮಾನ್ಯ ಅರ್ಜಿಯನ್ನೂ ತಪ್ಪದೆ ಸಲ್ಲಿಸಬೇಕು. ಎರಡನೆಯದನ್ನು ಮರೆತರೆ ಖಾತ್ರಿ ಉಳಿಯುವುದಿಲ್ಲ.

ಕೊನೆಯದಾಗಿ, ಎಲ್ಲ ಯೂನಿಟ್ ಮುಗಿದರೆ ಪದವಿ ತಾನಾಗಿ ಮನೆಗೆ ಬರುತ್ತದೆ ಎಂದು ಕಾಯಬೇಡಿ. ಬಹುತೇಕ ಕಾಲೇಜುಗಳಲ್ಲಿ ಪೆಟಿಷನ್ ಎಂಬ ಅರ್ಜಿಯನ್ನು ಕೊನೆಯ ಟರ್ಮ್‌ನ ಗಡುವಿನೊಳಗೆ ನೀವೇ ಸಲ್ಲಿಸಬೇಕು. ವಿಶ್ವವಿದ್ಯಾಲಯಕ್ಕೆ ಅಫಿಷಿಯಲ್ ಟ್ರಾನ್ಸ್‌ಕ್ರಿಪ್ಟ್ ಕಾಲೇಜಿನಿಂದ ನೇರವಾಗಿ ಹೋಗಬೇಕು; ನೀವು ಪೋರ್ಟಲ್‌ನಿಂದ ಮುದ್ರಿಸಿಕೊಂಡ ಪ್ರತಿಗೆ ಅಲ್ಲಿ ಬೆಲೆಯಿಲ್ಲ. ಮೊದಲ ಎರಡು ಅಫಿಷಿಯಲ್ ಪ್ರತಿಗಳು ಉಚಿತ. ಕಳಿಸುವ ಮುನ್ನ ಕೊನೆಯ ಟರ್ಮ್‌ನ ಗ್ರೇಡ್‌ಗಳು ಅದರಲ್ಲಿ ಸೇರಿವೆಯೇ ಎಂದು ಒಮ್ಮೆ ತೆರೆದು ನೋಡಿ, ನಂತರ ಕಳಿಸಿ.